ಅಪ್‌ಡೇಟ್: ಕೆಜಿಎಫ್ ಮುತ್ತಜ್ಜನ ಹುಟ್ಟೂರು ಸಿಕ್ಕಿತು!

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದಿಂದ ಕೆಜಿಎಫ್ ಗಣಿಗೆ ಬಂದ ಮುತ್ತಜ್ಜನ ಊರು ಹುಡುಕೋದು ಹೇಗೆ ಅಂತ ಈ ಹಿಂದೆ ಇಲ್ಲಿ ಕೇಳಿದ್ದೆ. ಅದು ಕಾರ್ನ್‌ವಾಲ್‌ನ ಗ್ವೆನ್ನಪ್ ಅಂತ ಗೊತ್ತಾಯಿತು.

ನಮ್ಮ ಹಳೇ ಜನಗಣತಿಯಿಂದ ಉಪಯೋಗವಾಗಲಿಲ್ಲ. ಮದುವೆ ದಾಖಲೆ ನೋಡಿ ಅಂದವರ ಸಲಹೆಯೇ ಕೈಹಿಡಿಯಿತು. ಬ್ರಿಟಿಷ್ ಲೈಬ್ರರಿಯ ಮದ್ರಾಸ್ ಚರ್ಚ್ ದಾಖಲೆಗಳಲ್ಲಿ, ಮುತ್ತಜ್ಜನ ಮದುವೆಯ ನಮೂದಿನಲ್ಲಿ ಅವರ ತಂದೆಯ ಹೆಸರಿತ್ತು. ಅದನ್ನು ಹಿಡಿದು ಇಂಗ್ಲೆಂಡಿನ 1881ರ ಜನಗಣತಿ ನೋಡಿದೆ. ಅಲ್ಲಿ 1851ರಿಂದಲೇ ಹುಟ್ಟಿದ ಊರನ್ನೂ ಬರೆದುಕೊಳ್ಳುತ್ತಿದ್ದರು. ತಂದೆ ತವರದ ಗಣಿ ಕೆಲಸಗಾರ. 15 ವರ್ಷದ ಅಕ್ಕನೂ ಗಣಿಯಲ್ಲೇ, ಮೇಲ್ಗಡೆ ಅದಿರು ಕುಟ್ಟುವ ಕೆಲಸ. ಆ ಸಾಲು ಓದಿ ಕಣ್ಣು ತುಂಬಿ ಬಂತು.

ಊರಿನ ಪ್ಯಾರಿಷ್ ಚರ್ಚಿನ (ಚರ್ಚ್ ಆಫ್ ಇಂಗ್ಲೆಂಡಿನ ಸ್ಥಳೀಯ ಚರ್ಚು) ಪುಸ್ತಕದಲ್ಲಿ ಮಾತ್ರ ಮುತ್ತಜ್ಜನ ಹೆಸರೇ ಇಲ್ಲ! ಆಗ ಕಾರ್ನ್‌ವಾಲ್ ಗಣಿಯವರಲ್ಲಿ ಮೆಥೋಡಿಸ್ಟರು, ಅಂದರೆ ಆ ಚರ್ಚಿನಿಂದ ಬೇರೆಯಾದ ಪ್ರೊಟೆಸ್ಟೆಂಟ್ ಪಂಗಡದವರು, ಜಾಸ್ತಿ ಇದ್ದರು. ದೀಕ್ಷಾಸ್ನಾನದ ದಾಖಲೆ ಅವರ ಚಾಪೆಲ್ (ಪ್ರಾರ್ಥನಾ ಮಂದಿರ) ಪುಸ್ತಕದಲ್ಲಿತ್ತು. ಆ ಕಡೆಯವರನ್ನು ಹುಡುಕುವವರು ಎರಡನ್ನೂ ನೋಡಿ.