ಪುಟ್ಟನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸುವ ವಿಷಯ

ಪುಟ್ಟಾ, ನಮ್ಮ ಮನೆಯವರ ಗ್ರೂಪ್‌ನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತ ಕೂತರೆ ರಾತ್ರಿ ಆಗುತ್ತದೆ, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಪೂರ್ತಿ ಕೇಳು, ಅರ್ಧಕ್ಕೆ ನಿಲ್ಲಿಸಬೇಡ. ಲ್ಯಾಪ್‌ಟಾಪ್ ಒಂದು ವಾರದಿಂದ ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತದೆ, ಮೌಸ್ ಮಾತ್ರ ಓಡಾಡುತ್ತದೆ, ಏನು ಒತ್ತಿದರೂ ಓಪನ್ ಆಗುವುದಿಲ್ಲ, ಸ್ವಲ್ಪ ಹೊತ್ತಿಗೆ ನೀಲಿ ಸ್ಕ್ರೀನ್ ಬಂದು ‘ಕ್ರಿಟಿಕಲ್ ಪ್ರೋಸೆಸ್ ಡೈಡ್’ ಅನ್ನುತ್ತದೆ ಅಂದಿದ್ದೀಯ. ರೀಸ್ಟಾರ್ಟ್ ಆದರೆ ‘ಬೂಟ್ ಡಿವೈಸ್ ಇಲ್ಲ’, ಅಂದರೆ ವಿಂಡೋಸ್ ಇರುವ ಡ್ರೈವೇ ಕಾಣುತ್ತಿಲ್ಲ, ಅಂತ ಬರುತ್ತದೆ, ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿಯಾಗುತ್ತದೆ, ಅಂಗಡಿಯವನು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕೋಣ ಅಂದಿದ್ದಾನೆ, ನಾಳೆ ಕೊಡಲಾ ಅಂತ ಕೇಳಿದ್ದೀಯ.

ಕೊಡಬೇಡ. ನಿನ್ನ ಪ್ರಾಜೆಕ್ಟ್ ರಿಪೋರ್ಟ್, ಫೋಟೊ, ಎಲ್ಲವೂ ಬೇರೆ ಕಡೆ ಕಾಪಿ ಆಗುವವರೆಗೆ ಆ ಡ್ರೈವನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡ. ನೀನು ಹೇಳಿದ ಲಕ್ಷಣ ನೋಡಿದರೆ ನನಗೆ ಅನುಮಾನ ಎಸ್‌ಎಸ್‌ಡಿ ಮೇಲೆಯೇ, ಅಂದರೆ ವಿಂಡೋಸ್, ನಿನ್ನ ಫೈಲ್ ಎಲ್ಲ ಇರುವ ಆ ಡ್ರೈವ್ ಮೇಲೆಯೇ. ಮೌಸ್ ಯಾಕೆ ಓಡಾಡುತ್ತದೆ? ಅದು ರ‍್ಯಾಮ್‌ನಲ್ಲಿ, ಅಂದರೆ ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ಚಿಪ್‌ನಲ್ಲಿ, ಇರುವ ಕೆಲಸ. ಹೊಸದಾಗಿ ಏನಾದರೂ ಓಪನ್ ಮಾಡಬೇಕು ಅಂದರೆ ಡ್ರೈವ್ ಉತ್ತರ ಕೊಡಬೇಕು, ಅದು ಕೊಡುತ್ತಿಲ್ಲ. ಡ್ರೈವ್ ಒಳಗೆ ಕಂಟ್ರೋಲರ್ ಅಂತ ಒಂದು ಚಿಪ್ ಇದೆ, ಅದೇ ಸ್ತಬ್ಧವಾಗಿಬಿಡುತ್ತದೆ. ಬರೀ ರೀಸ್ಟಾರ್ಟ್ ಮಾಡಿದರೆ ಅದರ ಕರೆಂಟ್ ಕಡಿಯುವುದಿಲ್ಲ, ಹಾಗಾಗಿ ಎಚ್ಚರ ಆಗುವುದಿಲ್ಲ. ಪೂರ್ತಿ ಆಫ್ ಮಾಡಿದಾಗ ಕರೆಂಟ್ ಕಡಿದು ಮತ್ತೆ ಮೊದಲಿನಿಂದ ಶುರು ಆಗುತ್ತದೆ. ವಿಂಡೋಸ್ ಕೆಟ್ಟಿದ್ದರೆ ಹೀಗೆ ಡ್ರೈವೇ ಮಾಯ ಆಗುವುದಿಲ್ಲ, ಅಲ್ವಾ?

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಸಾಗರದ ಡಿಟಿಪಿ ಸೆಂಟರ್‌ನಲ್ಲಿ ಆದದ್ದು ನಿಮಗೆಲ್ಲ ಅರ್ಧಂಬರ್ಧ ಗೊತ್ತು. ಪೂರ್ತಿ ಇವತ್ತು ಕೇಳಿ.

ಮುಂದಿನ ಟೇಬಲ್ ಮೇಲೆ ಇತ್ತಲ್ಲ, ಮದುವೆ ಕಾಗದ ಮಾಡುತ್ತಿದ್ದ ಸಿಸ್ಟಮ್, ಅದಕ್ಕೆ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಎಷ್ಟು ಚುರುಕಾಗಿತ್ತು ಅಂದರೆ ನಿಮ್ಮ ಮಾವ ಬಂದವರಿಗೆಲ್ಲ ಆನ್ ಮಾಡಿ ತೋರಿಸುತ್ತಿದ್ದರು. ಆಮೇಲೆ ಮಳೆಗಾಲ ಬಂತು. ಸಾಗರದ ಮಳೆಗಾಲದಲ್ಲಿ ಕರೆಂಟ್ ಹೇಗೆ ಅಂತ ನಾನು ಹೇಳಬೇಕಾಗಿಲ್ಲ. ಯುಪಿಎಸ್ ಬ್ಯಾಟರಿ ಬೇರೆ ಸತ್ತಿತ್ತು. ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್‌ನಲ್ಲಿ ಪುಟ ತಿರುಗಿಸುವಾಗ ಸಿಸ್ಟಮ್ ಹಾಗೇ ನಿಂತುಹೋಗುವುದಕ್ಕೆ ಶುರುವಾಯಿತು. ಹಳೆಯ ಹಾರ್ಡ್‌ಡಿಸ್ಕ್ ಆದರೆ ಕಟ್ ಕಟ್ ಅಂತ ಸದ್ದು ಮಾಡಿ ಮುನ್ಸೂಚನೆ ಕೊಡುತ್ತಿತ್ತು. ಇದರಲ್ಲಿ ತಿರುಗುವ ಭಾಗವೇ ಇಲ್ಲ, ಸದ್ದೂ ಇಲ್ಲ.

ಆಗ ನಮಗೆ ಸರ್ವಿಸ್ ಮಾಡುತ್ತಿದ್ದ ಅಂಗಡಿಯವರು ಮೊದಲು ರ‍್ಯಾಮ್ ಬದಲಿಸಿದರು. ಮತ್ತೆ ನಿಂತಿತು. ಸಿಸ್ಟಮ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಿಸಿದರು. ಮತ್ತೆ ನಿಂತಿತು. ಪ್ರತಿ ಸಲವೂ ಬಿಲ್. ನಾನು ಕೇಳಿದೆ, ಡ್ರೈವೇ ಹೋಗಿರಬಹುದಾ ಅಂತ. ‘ಎಸ್‌ಎಸ್‌ಡಿ ಹೋಗುವುದಿಲ್ಲ ಮೇಡಂ, ನಿಮ್ಮ ಫೈಲ್ ಹೇಗೂ ಡಿ ಡ್ರೈವ್‌ನಲ್ಲಿದೆ, ಭದ್ರ’ ಅಂದರು. ಸಿ ಅಂದರೂ ಡಿ ಅಂದರೂ ಒಳಗಿರುವುದು ಅದೇ ಒಂದು ಡ್ರೈವ್ ಅಂತ ಹೇಳುವವರಿಗೆ ಗೊತ್ತಿರಬೇಕಿತ್ತು.

ನಾನು ನಾದಿನಿಯ ಮನೆಗೆ ಸೀಮಂತಕ್ಕೆ ಹೋಗಿದ್ದಾಗ ಆ ಅಂಗಡಿಯ ಹುಡುಗ ಬಂದು ಸಿ, ಡಿ ಪಾರ್ಟಿಶನ್ ಎಲ್ಲ ಡಿಲೀಟ್ ಮಾಡಿ ಹೊಸ ವಿಂಡೋಸ್ ಹಾಕಿಬಿಟ್ಟ. ಬಂದು ನೋಡಿದರೆ ಸಿಸ್ಟಮ್ ಖಾಲಿ. ‘ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆದುಕೊಡುತ್ತೇನೆ, ಟೆನ್ಶನ್ ಮಾಡಬೇಡಿ’ ಅಂದ. ರಾತ್ರಿಯೆಲ್ಲ ಓಡಿಸಿದ. ಸಿಕ್ಕಿದ್ದು ಅವನೇ ಹಾಕಿದ ಹೊಸ ವಿಂಡೋಸಿನ ಫೈಲುಗಳು. ಶಿವಮೊಗ್ಗದಲ್ಲಿ ಇನ್ನೊಬ್ಬರಿಗೆ ತೋರಿಸಿದಾಗ ಅವರು ನಿಧಾನವಾಗಿ ಕೂರಿಸಿ ವಿವರಿಸಿದರು. ಹಾರ್ಡ್‌ಡಿಸ್ಕ್‌ನಲ್ಲಿ ಫಾರ್ಮ್ಯಾಟ್ ಮಾಡಿದರೂ ಹಳೆಯ ಅಕ್ಷರ ಅಲ್ಲೇ ಕೂತಿರುತ್ತದೆ, ಮೇಲೆ ಬೇರೆ ಬರೆಯುವವರೆಗೆ ಸಿಗುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫಾರ್ಮ್ಯಾಟ್ ಆದ ಕೂಡಲೇ ವಿಂಡೋಸ್ ‘ಟ್ರಿಮ್’ ಅಂತ ಒಂದು ಸೂಚನೆ ಕಳಿಸುತ್ತದೆ, ಈ ಜಾಗವೆಲ್ಲ ಇನ್ನು ಬೇಡ ಅಂತ. ವಿಂಡೋಸ್ 7ರಿಂದಲೇ ಇದು ಇದೆ. ಡ್ರೈವ್ ತನ್ನಷ್ಟಕ್ಕೆ ಅದನ್ನು ಅಳಿಸಿ ಸ್ವಚ್ಛ ಮಾಡಿಬಿಡುತ್ತದೆ. ಆಮೇಲೆ ಯಾವ ಸಾಫ್ಟ್‌ವೇರ್ ಹಾಕಿದರೂ ಬರುವುದು ಬರೀ ಸೊನ್ನೆ.

ಅದರಲ್ಲಿ ಏನಿತ್ತು ಗೊತ್ತಾ? ದೇವಸ್ಥಾನದ ಸ್ಮರಣ ಸಂಚಿಕೆ ಇತ್ತು, ಅದನ್ನು ಹೇಗೋ ಮತ್ತೆ ಟೈಪ್ ಮಾಡಿ ಮುಗಿಸಿದೆವು. ಆದರೆ ಅಪ್ಪಯ್ಯನ ಡೈರಿ ಇತ್ತು. ನಿಮ್ಮ ಅಜ್ಜ, ಶರಾವತಿ ಡ್ಯಾಮಿನ ನೀರಿಗೆ ಊರು ಮುಳುಗಡೆ ಆದ ಸಮಯದಲ್ಲಿ ಬರೆದದ್ದು. ನಿಮ್ಮ ಮಾವ ಓದುತ್ತ ಹೋದರು, ನಾನು ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುತ್ತ ಹೋದೆ. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಮುಗಿಯಿತು, ಅದಕ್ಕೂ ಮೊದಲಿನ ವರ್ಷಗಳಿಂದ ಅಪ್ಪಯ್ಯ ಬರೆದಿಟ್ಟಿದ್ದರು. ಯಾವ ಮನೆಯವರು ಯಾವ ಕಡೆ ಹೋದರು, ಲಾರಿಗೆ ಏನು ಹೇರಿದರು, ಬಾಗಿಲು ದಾರಂದ ಬಿಚ್ಚಿ ತಂದದ್ದು, ತೋಟದ ಅಡಿಕೆ ಮರಕ್ಕೆ ಎಷ್ಟು ಪರಿಹಾರ ಅಂತ ಬರೆದುಕೊಂಡದ್ದು. ಒಂದು ಪುಟದಲ್ಲಿ ಬರೀ ಹಸುಗಳ ಹೆಸರು, ಎದುರಿಗೆ ಯಾರಿಗೆ ಕೊಟ್ಟಿದ್ದು ಅಂತ. ಕಾಗದಕ್ಕೆ ಒರಲೆ ಹಿಡಿದಿತ್ತು, ತೆರೆದರೆ ಅಂಚು ಉದುರುತ್ತಿತ್ತು, ಅದಕ್ಕೇ ಟೈಪ್ ಮಾಡಲು ಕೂತದ್ದು. ಈಗ ಕಾಗದವೂ ಇಲ್ಲ, ಫೈಲೂ ಇಲ್ಲ. ಶರಾವತಿಯಲ್ಲಿ ನೀರು ತುಂಬಾ ಇಳಿದ ವರ್ಷ ಹಳೆಯ ಮಡೆನೂರು ಡ್ಯಾಮ್ ಮೇಲೆ ಕಾಣುತ್ತದೆ, ಜನ ಹೋಗಿ ಫೋಟೊ ತೆಗೆಯುತ್ತಾರೆ. ಅಪ್ಪಯ್ಯ ಬರೆದ ನಾಲ್ಕು ಸಾಲು ಓದೋಣ ಅಂದರೆ ನಮ್ಮ ಹತ್ತಿರ ಇಲ್ಲ.

ಕರೆಂಟ್ ಹೋದರೆ ಡ್ರೈವ್‌ಗೆ ಏನಾಗುತ್ತದೆ ಅಂತಲೂ ಆ ಶಿವಮೊಗ್ಗದವರೇ ಹೇಳಿದರು. ಯಾವ ಫೈಲ್ ಯಾವ ಕೋಶದಲ್ಲಿದೆ ಅಂತ ಡ್ರೈವ್ ಒಳಗೇ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ನಮ್ಮ ಪಹಣಿ ಇದ್ದ ಹಾಗೆ. ಅದನ್ನು ಬರೆಯುವ ಹೊತ್ತಿಗೇ ಕರೆಂಟ್ ಹೋದರೆ ಪಟ್ಟಿ ಹಾಳಾಗಬಹುದು. ಸರ್ವರ್‌ಗೆ ಹಾಕುವ ಎಷ್ಟೋ ಡ್ರೈವ್‌ಗಳಲ್ಲಿ ಆ ಒಂದು ಕ್ಷಣ ತಡೆಯಲು ಸ್ವಲ್ಪ ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಇರುತ್ತದೆ. ನಾವು ತರುವ ಮಾಮೂಲಿ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಒಳ್ಳೆ ಬ್ರ್ಯಾಂಡ್ ತಗೊಂಡಿದ್ದೇನೆ ಅಂತ ಧೈರ್ಯವಾಗಿ ಇರಬೇಡ. 2012ರ ಸುಮಾರಿಗೆ ಕ್ರೂಶಿಯಲ್ ಎಂ4 ಅಂತ ಹೆಸರುವಾಸಿ ಡ್ರೈವ್ ಇತ್ತು. ಅದು 5,184 ಗಂಟೆ ಓಡಿದ ಮೇಲೆ ಸಿಸ್ಟಮ್ ಕ್ರ್ಯಾಶ್ ಆಗುತ್ತಿತ್ತು. ಆಫ್ ಮಾಡಿ ಆನ್ ಮಾಡಿದರೆ ಸರಿ, ಒಂದು ಗಂಟೆ ಆದ ಮೇಲೆ ಮತ್ತೆ ಅದೇ. ಡ್ರೈವ್ ಒಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್, ಅದರ ತಪ್ಪು, ಹೊಸ ಫರ್ಮ್‌ವೇರ್ ಹಾಕಿದ ಮೇಲೆ ನಿಂತಿತು. 2019ರ ನವೆಂಬರ್‌ನಲ್ಲಿ ಸರ್ವರ್ ಮಾಡುವ ಎಚ್‌ಪಿಇ ಕಂಪನಿಯೇ ನೋಟಿಸ್ ಕೊಟ್ಟಿತು, ನಮ್ಮ ಸರ್ವರ್‌ನ ಕೆಲವು ಎಸ್‌ಎಸ್‌ಡಿಗಳು 32,768 ಗಂಟೆ ಮುಗಿದ ಕೂಡಲೇ ಸಾಯುತ್ತವೆ, ಡೇಟಾ ವಾಪಸ್ ಬರುವುದಿಲ್ಲ, ಬೇಗ ಅಪ್‌ಡೇಟ್ ಮಾಡಿ ಅಂತ. ಅಂದರೆ ಮೂರು ವರ್ಷ 270 ದಿನ ಚಿಲ್ಲರೆ. ಒಟ್ಟಿಗೆ ಹಾಕಿದ ಡ್ರೈವ್‌ಗಳು ಒಟ್ಟಿಗೇ ಹೋಗುತ್ತವೆ. ಅಷ್ಟು ದೊಡ್ಡವರ ಡ್ರೈವಿಗೇ ಹೀಗೆ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಪುಟ್ಟಾ, ಕಾಪಿ ಆಗುವವರೆಗೆ ಫಾರ್ಮ್ಯಾಟ್ ಬೇಡ. ಅಂಗಡಿಯವನು ಎಷ್ಟೇ ಧೈರ್ಯ ಹೇಳಲಿ, ಫ್ರೀಯಾಗಿ ಮಾಡುತ್ತೇನೆ ಅನ್ನಲಿ, ಬೇಡ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಿಬಿಡುತ್ತೇನೆ, ಬೆಂಗಳೂರು ಅಣ್ಣನೂ ಗ್ರೂಪ್‌ನಲ್ಲಿ ಇದ್ದಾನೆ, ಕೇಳಲಿ. ಡೈರಿಯ ಅರ್ಧ ಭಾಗ ಟೈಪ್ ಆದಾಗ ಪೆನ್‌ಡ್ರೈವ್‌ಗೆ ಹಾಕಿ ನಿಮ್ಮ ಮನೆಗೇ ಕೊಟ್ಟಿದ್ದೆ ಅಣ್ಣ, ಓದಿ, ತಪ್ಪಿದ್ದರೆ ಹೇಳಿ ಅಂತ. ಒಬ್ಬರೂ ತೆರೆದು ನೋಡಲಿಲ್ಲ. ನಮ್ಮದು ಹೋದ ಮೇಲೆ ಕೇಳಿದರೆ, ಅದನ್ನು ಖಾಲಿ ಮಾಡಿ ಸಿನಿಮಾ ತುಂಬಿಸಿಕೊಂಡೆವು ಅಂದರು. ಅತ್ತಿಗೆ ಬೇಜಾರು ಮಾಡಿಕೊಳ್ಳಬಾರದು, ಆದರೆ ನನಗೆ ಎಷ್ಟು ಸಂಕಟ ಆಯಿತು ಅಂತ ಯಾರೂ ಕೇಳಲಿಲ್ಲ. ಹಳೆ ಮನೆಯ ಆಲ್ಬಮ್ ಕೂಡ ಅಲ್ಲೇ ಇದೆ. ಚೌಕಿ ಮನೆಯ ಅಂಗಳದಲ್ಲಿ ಅಮ್ಮ ಅಡಿಕೆ ಸುಲಿಯುತ್ತ ಕೂತಿರುವ ಫೋಟೊ ಇನ್ನೆಲ್ಲೂ ಇಲ್ಲ, ಅದರಲ್ಲಿ ಮಾತ್ರ. ಸ್ಕ್ಯಾನ್ ಮಾಡಿ ಕೊಡುತ್ತೇವೆ ಅಂತ ತೆಗೆದುಕೊಂಡು ಹೋದವರು. ಪ್ರತಿ ದೀಪಾವಳಿಗೂ ಕೇಳುತ್ತೇನೆ, ಪ್ರತಿ ದೀಪಾವಳಿಗೂ ‘ಮುಂದಿನ ಸಲ’. ಮನೆತನದ ವಸ್ತು ಒಬ್ಬರ ಬೀರುವಿನಲ್ಲಿ ಕೂತರೆ ಹೇಗೆ? ತಂಗಿಯರೂ ಅದೇ ಅಪ್ಪಯ್ಯನ ಮಕ್ಕಳೇ ಅಲ್ವಾ. ಈ ಬೇಸಿಗೆಗೆ ಬರುವಾಗ ದಯವಿಟ್ಟು ತನ್ನಿ. ನಾನೇ ಸ್ಕ್ಯಾನ್ ಮಾಡಿ ಪ್ರತಿ ಮನೆಗೂ ಒಂದೊಂದು ಕಾಪಿ ಕೊಡುತ್ತೇನೆ.

ಅಯ್ಯೋ, ಪುಟ್ಟ ಏನು ಮಾಡಬೇಕು ಅನ್ನುವುದೇ ಉಳಿದುಹೋಯಿತು. ಕೇಳು ಮಗಾ.

ಮೊದಲು ಬಿಟ್‌ಲಾಕರ್ ಕೀ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ನಮಗೆ ಗೊತ್ತಿಲ್ಲದ ಹಾಗೆ ಡ್ರೈವ್‌ಗೆ ಬೀಗ ಬಿದ್ದಿರುತ್ತದೆ. ಡ್ರೈವ್ ಬಿಚ್ಚಿ ಬೇರೆ ಸಿಸ್ಟಮ್‌ಗೆ ಹಾಕಿದರೆ 48 ಅಂಕಿಯ ಕೀ ಕೇಳುತ್ತದೆ. ಫೋನಿನಿಂದ ನಿನ್ನ ಮೈಕ್ರೋಸಾಫ್ಟ್ ಅಕೌಂಟ್‌ಗೆ ಹೋಗಿ ಅಲ್ಲಿ ಆ ಕೀ ಇದೆಯಾ ನೋಡು, ಇದ್ದರೆ ಕಾಗದದ ಮೇಲೆ ಬರೆದುಕೋ.

ಆಮೇಲೆ ಕಾಪಿ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇಲ್ಲದಿದ್ದರೆ ಹಾಸ್ಟೆಲ್‌ನಲ್ಲಿ ಯಾರದ್ದಾದರೂ ಕೇಳು. ಪ್ರಾಜೆಕ್ಟ್ ಫೋಲ್ಡರ್ ಮೊದಲು, ಅದನ್ನು ಗೂಗಲ್ ಡ್ರೈವ್‌ಗೂ ಹಾಕು. ಆಮೇಲೆ ಫೋಟೊ. ಸಿನಿಮಾ, ಗೇಮ್ ಹೋದರೆ ಹೋಗಲಿ. ಎಲ್ಲ ಒಟ್ಟಿಗೆ ಎಳೆಯಬೇಡ, ಒಂದೊಂದೇ ಫೋಲ್ಡರ್. ನಡುವೆ ನಿಂತುಹೋದರೆ ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡು, ತಣ್ಣಗಾಗಲು ಬಿಟ್ಟು ಮತ್ತೆ ಶುರು ಮಾಡು. ಡ್ರೈವ್‌ನ ತಪ್ಪು ಹುಡುಕುವ ಚೆಕ್‌ಡಿಸ್ಕ್ ಓಡಿಸು ಅಂತ ಯಾರಾದರೂ ಹೇಳುತ್ತಾರೆ, ಕಾಪಿ ಮುಗಿಯುವ ತನಕ ಅದೂ ಬೇಡ. ಸುಮ್ನೆ ಡ್ರೈವ್‌ಗೆ ಕೆಲಸ ಜಾಸ್ತಿ.

ಕಾಪಿ ಆಯಿತು ಅಂದ ಮೇಲೆ ತಪ್ಪು ಯಾರದ್ದು ಅಂತ ಹುಡುಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದರಲ್ಲಿ ‘ಕಾಷನ್’ ಅಥವಾ ‘ಬ್ಯಾಡ್’ ಬಂದರೆ ಮಾತೇ ಇಲ್ಲ, ಹೊಸ ಡ್ರೈವ್ ತಗೋ. ‘ಗುಡ್’ ಅಂತ ಬಂದರೂ ನಂಬಿ ಕೂರಬೇಡ, ಕಂಟ್ರೋಲರ್ ಸ್ತಬ್ಧವಾಗುವುದು ಅದರಲ್ಲಿ ಕಾಣದೆಯೂ ಇರಬಹುದು. ವಿಂಡೋಸ್ ಆದದ್ದನ್ನೆಲ್ಲ ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಅನ್ನುವ ಕಡೆ 7, 129, 153 ಅನ್ನುವ ನಂಬರ್ ಪದೇ ಪದೇ ಇದೆಯಾ ನೋಡು. ಅವು ಡ್ರೈವ್ ತಡವರಿಸಿದ ಗುರುತು. ಕ್ರ್ಯಾಶ್ ಆದ ಹೊತ್ತಿಗೆ ಅಲ್ಲಿ ಏನೂ ಬರೆದಿಲ್ಲ ಅಂದರೂ ಅನುಮಾನ ಡ್ರೈವ್ ಮೇಲೆಯೇ, ಬರೆಯಬೇಕಾದ ಡ್ರೈವೇ ಆಗ ಇರಲಿಲ್ಲವಲ್ಲ.

ಇನ್ನೂ ಗೊಂದಲ ಇದ್ದರೆ ಒಂದು ಪೆನ್‌ಡ್ರೈವ್‌ಗೆ ವಿಂಡೋಸ್ ಬದಲು ಓಡಿಸಬಹುದಾದ ಉಬುಂಟು ಹಾಕಿಕೊಂಡು ಅದರಿಂದಲೇ ಲ್ಯಾಪ್‌ಟಾಪ್ ಆನ್ ಮಾಡು. ‘ಟ್ರೈ’ ಅನ್ನುವುದನ್ನು ಒತ್ತು, ‘ಇನ್‌ಸ್ಟಾಲ್’ ಒತ್ತಬೇಡ. ಎಸ್‌ಎಸ್‌ಡಿ ಮುಟ್ಟದೆ ಅರ್ಧ ದಿನ ಆರಾಮಾಗಿ ಓಡಿದರೆ ರ‍್ಯಾಮ್, ಬೋರ್ಡ್ ಬಹುಮಟ್ಟಿಗೆ ಸರಿ ಇದೆ ಅಂತ. ಅಲ್ಲಿಯೂ ನಿಂತರೆ ರ‍್ಯಾಮ್ ಟೆಸ್ಟ್ ಮಾಡಿಸು.

ಅಂಗಡಿಗೆ ಹೋದರೆ ನೀನು ಎದುರಿಗೇ ಕೂತು ಮಾಡಿಸು. ಡ್ರೈವ್ ಬಿಚ್ಚಿ ಮತ್ತೆ ಸರಿಯಾಗಿ ಕೂರಿಸಲಿ, ಒಂದು ಚಿಕ್ಕ ಸ್ಕ್ರೂ ಅಷ್ಟೇ. ಕಂಪನಿ ವೆಬ್‌ಸೈಟ್‌ನಲ್ಲಿ ಹೊಸ ಫರ್ಮ್‌ವೇರ್ ಇದ್ದರೆ ಹಾಕಲಿ. ಆಗಲೂ ನಿಂತರೆ ಹೊಸ ಡ್ರೈವ್, ವಿಂಡೋಸ್ ಹಾಕುವುದಾದರೆ ಆ ಹೊಸದಕ್ಕೆ. ಹಳೆಯದನ್ನು ವಾರಂಟಿಗೆ ಕೂಡಲೇ ಕಳಿಸಬೇಡ, ಅವರು ಬೇರೆ ಡ್ರೈವ್ ಕೊಡುತ್ತಾರೆ ಹೊರತು ನಿನ್ನ ಫೈಲ್ ಕೊಡುವುದಿಲ್ಲ. ಕಾಪಿ ಮಾಡಿದ ಫೈಲ್ ಎಲ್ಲ ತೆರೆಯುತ್ತದಾ ನೋಡಿಕೊಂಡು ಆಮೇಲೆ ಕಳಿಸು.

ದುಡ್ಡು ಬೇಕಾದರೆ ನಿನ್ನ ಅಪ್ಪನನ್ನು ಕೇಳಬೇಡ, ಈ ತಿಂಗಳು ಅವನಿಗೆ ಮನೆ ರಿಪೇರಿ ಇದೆ. ನನಗೆ ಫೋನ್ ಮಾಡು, ಹಾಕುತ್ತೇನೆ. ಇವತ್ತು ರಾತ್ರಿ ಊಟ ಆದ ಮೇಲೆ ಕೀ ಸಿಕ್ಕಿತಾ, ಪ್ರಾಜೆಕ್ಟ್ ಫೋಲ್ಡರ್ ಕಾಪಿ ಆಯಿತಾ ಅಂತ ಇಲ್ಲೇ ಒಂದು ಸಾಲು ಹಾಕು.