‘ಐ ವೆರಿ ಲೈಕ್’ ಅನ್ನುವವರಿಗೆ ಹೇಗೆ ಕಲಿಸಲಿ?

ಪ್ರಶ್ನೆ: ಮೇಡಂ, ತೈವಾನಿನ ಕೆಲವರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ. ಏನಾದರೂ ಇಷ್ಟ ಅಂತ ಹೇಳಬೇಕಾದರೆ ಎಲ್ಲರೂ ‘ಐ ವೆರಿ ಲೈಕ್’ ಅನ್ನುತ್ತಾರೆ. ಎಷ್ಟು ತಿದ್ದಿದರೂ ಅದೇ. ಲೈಕ್, ಲವ್ ಬಿಟ್ಟು ಬೇರೆ ಪದಗಳನ್ನೂ ಕೇಳುತ್ತಾರೆ.

ಉತ್ತರ: ಅದು ಅವರ ಮಾತಿನಿಂದಲೇ ಬರುವ ತಪ್ಪು. ತೈವಾನಿನವರು ಆಡುವ ಚೀನೀ ಭಾಷೆ ಮ್ಯಾಂಡರಿನ್‌ನಲ್ಲಿ ‘ವೋ ಹೆನ್ ಷಿಹ್ವಾನ್’ ಅಂತಾರೆ. ವೋ ಅಂದರೆ ನಾನು, ಹೆನ್ ಅಂದರೆ ತುಂಬಾ, ಷಿಹ್ವಾನ್ ಅಂದರೆ ಇಷ್ಟಪಡು. ಹೆನ್ ಇರುವ ಜಾಗಕ್ಕೆ ವೆರಿ ತಂದು ಹಾಕುತ್ತಾರೆ, ಅಷ್ಟೇ. ವ್ಯಾಕರಣ ಹೇಳುತ್ತಾ ಕೂರಬೇಡಿ. ಅದೇ ಜಾಗಕ್ಕೆ ರಿಯಲಿ ಕೊಡಿ: ‘ಐ ರಿಯಲಿ ಲೈಕ್ ಇಟ್.’ ವಾಕ್ಯ ತಿರುಗಿಸುವ ಕೆಲಸವೇ ಇಲ್ಲ. ಕೊನೆಯಲ್ಲಿ ‘ವೆರಿ ಮಚ್’ ಸೇರಿಸುವುದನ್ನು ಆಮೇಲೆ ಕಲಿಸಿದರಾಯಿತು. ಆ ‘ಇಟ್’ ಮೇಲೂ ಒಂದು ಕಣ್ಣಿರಲಿ. ಚೀನೀ ಮಾತಿನಲ್ಲಿ ಅದಿಲ್ಲದೆಯೂ ನಡೆಯುತ್ತದೆ, ಹಾಗಾಗಿ ‘ಯೆಸ್, ಐ ಲೈಕ್’ ಅಂತ ನಿಲ್ಲಿಸಿಬಿಡುತ್ತಾರೆ.

ಹೊಸ ಪದ ಅಂದರೆ, ಹಾಡು, ಆಟ, ಹವ್ಯಾಸಕ್ಕೆ ‘ಐ ಆಮ್ ಇನ್‌ಟು’ ಸಾಕು. ಗುಟ್ಟಾಗಿ ಒಬ್ಬರ ಮೇಲೆ ಮನಸ್ಸಾಗಿದ್ದರೆ ‘ಹ್ಯಾವ್ ಎ ಕ್ರಷ್ ಆನ್’. ಆ ‘ಆನ್’ ಸಮೇತ ಬಾಯಿಪಾಠ ಮಾಡಿಸಿ. ‘ಫಾಂಡ್ ಆಫ್’ ತಪ್ಪಲ್ಲ, ಆದರೆ ಹುಡುಗರ ಹರಟೆಯಲ್ಲಿ ಸ್ವಲ್ಪ ಪುಸ್ತಕದ ಮಾತು ಅನಿಸುತ್ತದೆ. ಹಳೇ ಮೇಷ್ಟ್ರ ಬಗ್ಗೆ ಹೇಳುವಾಗ ಚೆನ್ನಾಗಿರುತ್ತದೆ.

ಇನ್ನೊಬ್ಬರ ಪ್ರಶ್ನೆ: ಆಫೀಸಿನವರಿಗೆ ‘ಐ ಲೈಕ್ ಯು’ ಅಂದರೆ ತೊಂದರೆನಾ, ಮೇಡಂ?

ಉತ್ತರ: ಸುಮ್ನೆ ಅಷ್ಟೇ ಹೇಳಿದರೆ ಎದುರಿನವರು ಗಲಿಬಿಲಿಯಾಗಬಹುದು. ಚೀನೀ ಹುಡುಗ ಹುಡುಗಿಗೆ ‘ವೋ ಷಿಹ್ವಾನ್ ನಿ’ ಅಂದರೆ ಸಾಮಾನ್ಯವಾಗಿ ಪ್ರೀತಿ ಹೇಳಿಕೊಂಡ ಹಾಗೇ. ಆಫೀಸಿಗೆ ‘ಐ ಲೈಕ್ ವರ್ಕಿಂಗ್ ವಿತ್ ಯು’ ಕಲಿಸಿ.

ಲವ್ ವಿಷಯದಲ್ಲಿ ಉಲ್ಟಾ. ಇಂಗ್ಲಿಷಿನವರು ಸೂಪ್ ರುಚಿಯಾದರೂ ‘ಐ ಲವ್ ಇಟ್’, ಅಮ್ಮನ ಫೋನ್ ಇಡುವಾಗಲೂ ‘ಲವ್ ಯು’. ಎಷ್ಟೋ ಚೀನೀ ಮನೆಗಳಲ್ಲಿ ಹಿರಿಯರು ‘ವೋ ಆಯ್ ನಿ’, ಅಂದರೆ ಐ ಲವ್ ಯು, ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ. ಊಟ ಆಯ್ತಾ ಅಂತ ಕೇಳುತ್ತಾರೆ. ನಮ್ಮಲ್ಲೂ ಹಾಗೇ ಅಲ್ವಾ? ಅದಕ್ಕೇ ಲವ್ ಅನ್ನು ಮೊದಲು ತಿಂಡಿ, ಬಟ್ಟೆ ಮೇಲೆ ಅಭ್ಯಾಸ ಮಾಡಿಸಿ, ನಾಚಿಕೆ ಬಿಡುತ್ತದೆ.

ಮೇ 20ರಂದು, ಅಂದರೆ ಐದನೇ ತಿಂಗಳ ಇಪ್ಪತ್ತರಂದು, ಪಾಠ ಇದ್ದರೆ 520 ಅಂತ ಬೋರ್ಡಿನ ಮೇಲೆ ಬರೆದು ನೋಡಿ. ಮ್ಯಾಂಡರಿನ್‌ನಲ್ಲಿ ‘ವೂ ಆರ್ ಲಿಂಗ್’ ಅಂತ ಓದುವ ಆ ಅಂಕಿ ಕಿವಿಗೆ ‘ವೋ ಆಯ್ ನಿ’ ಹತ್ತಿರ ಕೇಳಿಸುತ್ತದೆ. ಅವತ್ತು ಅವರೇ ಮಾತು ಶುರು ಮಾಡುತ್ತಾರೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ, ಮುಂದಿನ ಕ್ಲಾಸಿಗೆ ರಿಯಲಿಯಿಂದಲೇ ಶುರು.

ಉತ್ತರ: ಮಾಡಿ. ಆದರೆ ನಮ್ಮೂರಿನ ‘ಐ ಆಮ್ ಲೈಕಿಂಗ್ ಇಟ್’ ಮಾತ್ರ ಅವರಿಗೆ ಅಂಟಿಸಬೇಡಿ!