ಮುತ್ಯಾನ ಅಂಬಾಸಡರ್ ಮತ್ತ ಓಡಬೇಕಂದ್ರ ಮೊದಲ ಏನು ಮಾಡಬೇಕು?

ಪ್ರಶ್ನೆ (ಆಳಂದ ತಾಲ್ಲೂಕಿನಿಂದ)

ನಮಸ್ಕಾರ ಅಣ್ಣಾರ. ಹಳೇ ಗಾಡಿ ಕೆಲಸ ನೀವು ಭಾಳ ವರ್ಷದಿಂದ ಮಾಡ್ತೀರಿ ಅಂತ ಗ್ರೂಪಿನಾಗ ಎಲ್ಲರೂ ಹೇಳ್ತಾರ, ಅದಕ್ಕ ಕೇಳ್ಲಾಕತ್ತೀನಿ.

ನಮ್ಮ ಮುತ್ಯಾ ತೊಗರಿ ಅಡತಿ ಮಾಡ್ತಿದ್ದರು. ಅವರ ಅಂಬಾಸಡರ್ ಮಾರ್ಕ್ 2 ಊರಾಗಿನ ವಾಡೆದಾಗ, ತೊಗರಿ ಚೀಲ ಇಡೋ ಕೋಣ್ಯಾಗ ನಿಂತದ. ಅವರು ತೀರಿಕೊಂಡ ಮ್ಯಾಲ ಯಾರೂ ಓಡಿಸಿಲ್ಲ. ನಂಬರು ಹಳೇ ಎಂವೈ ಸರಣಿದು, ಬಣ್ಣ ಮಬ್ಬಾದ ಬಿಳಿ. ನಾಕೂ ಟೈರು ಕುಂತಾವ, ಆದ್ರ ಬಾಡಿ ಗಟ್ಟಿ ಅದ ಅನಸ್ತದ.

ಈಗ ಮನ್ಯಾಗ ಮೂರು ಮಾತು ನಡದಾವ. ತಮ್ಮ ಹೊಸ ಬ್ಯಾಟರಿ ತಂದಾನ, ಈ ಐತವಾರನೇ ಚಾಲೂ ಮಾಡಿ ನೋಡೋಣು ಅಂತಾನ. ಕಾಕಾ ಡೀಸೆಲ್ ಇಂಜಿನ್ ಕೂಡಿಸಿ ಕೆಂಪು ಬಣ್ಣ ಹೊಡಸ್ರಿ, ಮದುವಿಗೆ ಬಾಡಿಗಿ ಬಿಡಬಹುದು ಅಂತಾರ. ನನಗ ಅದು ಮುತ್ಯಾ ಬಿಟ್ಟು ಹೋದಂಗೇ ಇರಬೇಕು, ಶರಣಬಸವೇಶ್ವರ ಜಾತ್ರಿಗೆ ಅವ್ವನ್ನ ಅದರಾಗೇ ಕರ್ಕೊಂಡು ಹೋಗಬೇಕು ಅಂತ ಆಸಿ. ಎಲ್ಲಿಂದ ಸುರು ಮಾಡಬೇಕು ಹೇಳ್ರಿ.

ಉತ್ತರ (ಮಿಸ್ತ್ರಿ, ಕಲಬುರಗಿ)

ತಂಗಿ, ಮೊದಲ ನಿಮ್ಮ ತಮ್ಮಗ ಫೋನ್ ಮಾಡಿ ಬ್ಯಾಟರಿ ಕೆಳಗ ಇಡು ಅಂತ ಹೇಳ್ರಿ. ಉಳಿದದ್ದು ಆಮ್ಯಾಲ ಓದ್ರಿ.

ಯಾಕಂದ್ರ ಎರಡು ಕಾರಣ ಅದ. ಅಂಬಾಸಡರ್ ಅಂದ್ರ ಇಂಗ್ಲೆಂಡಿನ ಮೊರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಗಾಡಿ, ಅದನ್ನ ಹಿಂದುಸ್ತಾನ್ ಮೋಟರ್ಸ್‌ನವರು ಬಂಗಾಲದ ಉತ್ತರಪಾಡಾದಾಗ ಮಾಡ್ತಿದ್ದರು. ಆ ಕಾಲದ ಬ್ರಿಟಿಷ್ ಗಾಡಿಗೋಳಾಗ ಬ್ಯಾಟರಿಯ ಪ್ಲಸ್ ತುದಿನೇ ಗಾಡಿಯ ಬಾಡಿಗೆ (ತಗಡಿಗೆ) ಜೋಡಿಸಿ ಅರ್ಥಿಂಗ್ ಮಾಡೋದು ರೂಢಿ. ಈಗಿನ ಹುಡುಗರಿಗೆ ಮೈನಸ್ ಬಾಡಿಗೆ ಹಾಕೋದಷ್ಟೇ ಗೊತ್ತು. ನಿಮ್ಮ ಗಾಡ್ಯಾಗ ಯಾವ ತುದಿಯ ಪಟ್ಟಿ ಬಾಡಿಗೆ ಬಿಗದಾರ, ನಡುವ ಯಾರಾದರೂ ಬದಲಿ ಮಾಡ್ಯಾರೇನು, ಅದನ್ನ ನೋಡದೆ ಉಲ್ಟಾ ಕೊಟ್ಟರ ಕರೆಂಟ್ ಹುಟ್ಟಿಸೋ ಡೈನಮೋ, ಅದನ್ನ ಬ್ಯಾಟರಿಗೆ ಜೋಡಿಸಿ ಬಿಡಿಸೋ ಕಟೌಟ್ ಸುಟ್ಟು ಹೋಗ್ತಾವ. ಎರಡನೇದು, ತೊಗರಿ ಚೀಲ ಇದ್ದ ಕೋಣಿ ಅಂದ್ರಿ. ತೊಗರಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಕಡದ ವೈರ್. ಹಳೇ ವೈರಿನ ಮ್ಯಾಲಿನ ಬಟ್ಟಿ, ರಬ್ಬರು ಹೆಂಗೂ ಒಣಗಿ ಉದರ್ತಿರ್ತಾವ. ಎರಡು ಬೆತ್ತಲೆ ತಂತಿ ಒಂದಕ್ಕೊಂದು ತಾಕಿದ್ರ ಗಾಡಿ ಜೊತಿ ವಾಡೆಗೂ ಬೆಂಕಿ. ಡ್ಯಾಶ್‌ಬೋರ್ಡಿನ ಹಿಂದ, ಸೀಟಿನ ಕೆಳಗ, ಬಾನೆಟ್ ಒಳಗ ಟಾರ್ಚ್ ಹಿಡಿದು ವೈರಿಂಗ್ ಪೂರಾ ನೋಡದ ತನಕ ಕರೆಂಟ್ ಬ್ಯಾಡ.

ಇನ್ನ ಇಂಜಿನ್. ಗಾಡಿ ವರ್ಷಗಟ್ಟಲೆ ನಿಂತರ ಸಿಲಿಂಡರಿನ ಗ್ವಾಡಿಗೆ ಪಿಸ್ಟನ್ ರಿಂಗ್ ಹಿಡಕೊಂಡು ಬಿಡ್ತಾವ. ಆವಾಗ ಸೆಲ್ಫ್ ಹೊಡದ್ರ ರಿಂಗ್ ಮುರೀತದ, ಇಲ್ಲಾಂದ್ರ ಗ್ವಾಡಿಗೆ ಗೀರು ಬೀಳ್ತದ. ಒಂದು ನಿಮಿಷದ ಆತುರಕ್ಕ ಪೂರಾ ಇಂಜಿನ್ ಬಿಚ್ಚಬೇಕಾಗ್ತದ. ನಾಕೂ ಪ್ಲಗ್ ತಗದು, ಒಂದೊಂದು ಸಿಲಿಂಡರಿಗೆ ಒಂದಿಷ್ಟು ಇಂಜಿನ್ ಆಯಿಲ್ ಡೀಸೆಲ್ ಬೆರಸಿ ಹಾಕ್ರಿ. ನಾಕೈದು ದಿನ ಹಂಗೇ ಬಿಡ್ರಿ, ದಿನಾ ಒಂದೀಟು ಮತ್ತ ಹಾಕ್ರಿ. ಆಮ್ಯಾಲ ಗೇರು ನ್ಯೂಟ್ರಲ್ ಮಾಡಿ, ಮುಂದಿನ ಬಂಪರಿನ ತೂತಿನಾಗ ಹ್ಯಾಂಡಲ್ ಹಾಕಿ ಕೈಲೆ ತಿರುಗಸ್ರಿ. ಮುತ್ಯಾನ ಕಾಲದ ಹ್ಯಾಂಡಲ್ ಡಿಕ್ಕ್ಯಾಗೇ ಇರ್ತದ, ಹುಡುಕ್ರಿ. ಸುಮ್ನ ತಿರುಗಿದ್ರ ಅರ್ಧ ಗೆದ್ದಂಗ. ತಿರುಗಲಿಲ್ಲಂದ್ರ ಜಬರದಸ್ತಿ ಮಾಡಬ್ಯಾಡ್ರಿ, ಮತ್ತೆರಡು ದಿನ ನೆನೀಲಿ.

ಟ್ಯಾಂಕಿನಾಗಿನ ಹಳೇ ಪೆಟ್ರೋಲ್ ಅಂಟಾಗಿರ್ತದ. ಪೂರಾ ಹೊರಗ ತಗೀರಿ, ಟ್ಯಾಂಕ್ ಇಳಿಸಿ ತೊಳಸ್ರಿ. ಅದು ತಗಡಿನ ಟ್ಯಾಂಕು, ಒಳಗ ಜಂಗು ಹಿಡದಿರ್ತದ. ಕಾರ್ಬ್ಯುರೇಟರ್ ನೋಡ್ರಿ, ಮ್ಯಾಲ ಗಂಟಿ ಆಕಾರದ ಪಾತ್ರಿ ಇದ್ದರ ಅದು ಎಸ್‌ಯು ಅನ್ನೋ ಕಂಪನಿದು. ಭಾಳ ಮಂದಿ ಅದನ್ನ ತಗದು ಬ್ಯಾರೇ ಹಾಕಿಸ್ಯಾರ. ನಿಮ್ಮದ್ರಾಗ ಅದೇ ಉಳದಿದ್ರ ಕಳೀಬ್ಯಾಡ್ರಿ, ಬರೇ ಸ್ವಚ್ಛ ಮಾಡಿ, ಗಂಟಿ ಒಳಗಿನ ಡ್ಯಾಂಪರಿಗೆ ತೆಳು ಆಯಿಲ್ ಹಾಕಿದ್ರ ಭಾಳ ಸಲ ಸಾಕಾಗ್ತದ.

ಈಗ ಬ್ರೇಕು. ಗಾಡಿ ಚಾಲೂ ಆದ ಸಂತೋಷದಾಗ ಜನ ಮರೆಯೋದು ಇದೇ. ಈ ಗಾಡಿಗೆ ನಾಕೂ ಚಕ್ರಕ್ಕ ಡ್ರಮ್ ಬ್ರೇಕು, ಎಲ್ಲಾ ಒಂದೇ ಲೈನಿನ ಮ್ಯಾಲ. ಈಗಿನ ಕಾರಿನಂಗ ಎರಡು ಬ್ಯಾರೆ ಬ್ಯಾರೆ ಸರ್ಕ್ಯೂಟ್ ಇಲ್ಲ. ಎಲ್ಲಾದರೂ ಒಂದು ರಬ್ಬರ್ ಹೋಸ್ ಒಡದ್ರ ನಾಕೂ ಚಕ್ರದ ಬ್ರೇಕ್ ಒಮ್ಮೆಲೇ ಹೋಗ್ತದ, ಕೈ ಬ್ರೇಕ್ ಬಿಟ್ಟರ ಗತಿ ಇಲ್ಲ. ಮಾಸ್ಟರ್ ಸಿಲಿಂಡರ್, ನಾಕೂ ಕಡಿಯ ವ್ಹೀಲ್ ಸಿಲಿಂಡರ್ ಬಿಚ್ಚಿ ಒಳಗಿನ ರಬ್ಬರ್ ಸೀಲಿನ ಹೊಸ ಕಿಟ್ ಹಾಕಸ್ರಿ, ರಬ್ಬರ್ ಹೋಸ್ ಹೊಸದು, ಲೋಹದ ಪೈಪ್ ಜಂಗು ಹಿಡದಿದ್ರ ಅದೂ ಹೊಸದು. ಟೈರ್ ಮ್ಯಾಲಿನ ಗೆರಿ ಉಳದಾವ ಅಂತ ಮೋಸ ಹೋಗಬ್ಯಾಡ್ರಿ. ನಮ್ಮ ಕಡಿ ಬ್ಯಾಸಗಿಗೆ ರಬ್ಬರ್ ಬದಿಗಿ ಸೀಳಿರ್ತದ, ಗಾಳಿ ತುಂಬಿದ್ರ ನಿಲ್ತದ, ಹುಮ್ನಾಬಾದ್ ರಸ್ತೆ ಹಿಡದು ಅರವತ್ತರ ವೇಗಕ್ಕ ಬಂದಾಗ ಒಡೀತದ. 5.90-15 ಅಳತಿ ಕೇಳ್ರಿ.

ನನ್ನ ಕೇಳಿದ್ರ ಕೆಲಸದ ಸಾಲು ಹಿಂಗ: ಕಾಗದ, ಬ್ರೇಕು, ವೈರು, ಇಂಜಿನ್. ಬಣ್ಣ ಎಲ್ಲಾದಕ್ಕಿಂತ ಕಡೀಗೆ. ಬಂದವರಾಗ ಹತ್ತಕ್ಕ ಎಂಟು ಮಂದಿ ಉಲ್ಟಾ ಬರ್ತಾರ. ಬಣ್ಣಕ್ಕ ರೊಕ್ಕ ಖರ್ಚಾಗಿ, ಹೊಳಿಯೋ ಗಾಡಿ ಶೆಡ್ಡಿನಾಗ ನಿಂತು ಬಿಡ್ತದ.

ಅದೇ ಸದಸ್ಯೆ

ಬ್ಯಾಟರಿ ಇಳಿಸಿದ ಅಣ್ಣಾರ. ಕಾಗದ ಮೊದಲು ಯಾಕ? ಬುಕ್ (ನೋಂದಣಿಯ ಆರ್‌ಸಿ) ಮುತ್ಯಾನ ಹೆಸರಿಗೇ ಅದ. ಅವಧಿ ಮುಗದು ಭಾಳ ವರ್ಷ ಆಗ್ಯದ. ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೆ ಹಾಕಬೇಕು ಅಂತಾರಲ್ಲ, ಅದೂ ಅಂಜಿಕಿ ಅದ.

ಮಿಸ್ತ್ರಿ

ಗುಜರಿ ಮಾತು ಬಿಡ್ರಿ. ವಯಸ್ಸಿನ ಮ್ಯಾಲ ಗಾಡಿ ನಿಲ್ಲಿಸೋ ನಿಯಮ ದಿಲ್ಲಿ ಕಡಿದು, ನಮ್ಮದಲ್ಲ. ಇಲ್ಲಿ ಫಿಟ್‌ನೆಸ್ ಪಾಸಾದ್ರ ಐದೈದು ವರ್ಷಕ್ಕ ನೋಂದಣಿ ನವೀಕರಣ ಸಿಗ್ತದ, ಅದರ ಅರ್ಜಿ ಫಾರ್ಮ್ 25.

ಕಾಗದ ಮೊದಲು ಯಾಕಂದ್ರ, ನಿಮ್ಮ ಹೆಸರಿಗಿಲ್ಲದ ಗಾಡಿ ಮ್ಯಾಲ ನೀವು ಲಕ್ಷ ಹಾಕಿದ ಮ್ಯಾಲ ಅಣ್ಣ-ತಮ್ಮಂದಿರ, ಅತ್ತಿ-ಕಾಕಾರ ನಡುವ ಮಾತು ಹುಟ್ತಾವ. ಮುತ್ಯಾನ ಮಕ್ಕಳೆಲ್ಲ ವಾರಸುದಾರರೇ. ಕುಂತು ಮಾತಾಡಿ ಒಬ್ಬರ ಹೆಸರು ಗೊತ್ತು ಮಾಡ್ರಿ, ಉಳದವರ ಒಪ್ಪಿಗಿ ಬರವಣಿಗ್ಯಾಗ ತಗೋರಿ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಹಳೇ ಬುಕ್ ಹಿಡಕೊಂಡು ಆರ್‌ಟಿಓಕ್ಕ ವಾರಸುದಾರರ ಹೆಸರಿಗೆ ಮಾಡಿಸೋ ಅರ್ಜಿ, ಫಾರ್ಮ್ 31, ಕೊಡಬೇಕು. ಮಾಲೀಕ ತೀರಿಕೊಂಡ 30 ದಿನದಾಗ ತಿಳಿಸಿ, ಮೂರು ತಿಂಗಳದಾಗ ಅರ್ಜಿ ಹಾಕಬೇಕು ಅಂತ ನಿಯಮ. ನಿಮ್ಮದು ತಡ ಆಗ್ಯದ, ದಂಡ ಬೀಳ್ತದ, ಆದ್ರ ಆಗಲಾರದ ಕೆಲಸ ಅಲ್ಲ. ಗಾಡಿ ಮ್ಯಾಲಿನ ಚಾಸಿಸ್ ನಂಬರು, ಇಂಜಿನ್ ನಂಬರು ಬುಕ್ಕಿಗೆ ತಾಳೆ ಆಗಬೇಕು. ಆ ನಂಬರು ಕೆತ್ತಿದ ಪಟ್ಟಿ ಮ್ಯಾಲ ಜಂಗು ಅದಂತ ಯಾರೂ ಪಾಲಿಶ್ ಕಾಗದ ಹಚ್ಚದಂಗ ನೋಡ್ಕೋರಿ. ಸೀಮೆಎಣ್ಣಿ ಬಟ್ಟಿಲೆ ಒರಸಿ, ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೀರಿ.

ಇನ್ನ ಭಾರಿ ಮಾತು ಒಂದದ, ಮನಿಯವರೆಲ್ಲ ಕೂಡಿ ನಿರ್ಧಾರ ಮಾಡಬೇಕಾದ್ದು. 2021ರ ಜುಲೈದಾಗ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ಬ್ಯಾರೇ ನೋಂದಣಿ ತಂದದ. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಇಂಜಿನ್ ಮೂಲದಾಗ ಇದ್ದಂಗೇ ಇರಬೇಕು. ಹೊಸ ವಿಂಟೇಜ್ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ನಡೀತದ. ಆಮ್ಯಾಲ ಮತ್ತ ಮಾಡಿಸ್ಲಾಕ 5,000. ಹೊಸ ನಂಬರಿನಾಗ ವಿಎ ಅಂತ ಅಕ್ಷರ ಬರ್ತದ, ಆದ್ರ ಮೊದಲೇ ನೋಂದಣಿ ಆದ ಗಾಡಿ ತನ್ನ ಹಳೇ ನಂಬರು ಉಳಿಸ್ಕೋಬಹುದು. ನಿಮ್ಮ ಎಂವೈ ನಂಬರು ಮೈಸೂರು ರಾಜ್ಯ ಇದ್ದ ಕಾಲದ್ದು. ಕಲ್ಯಾಣ ಕರ್ನಾಟಕದಾಗ ಹಂಥಾ ಗಾಡಿ ಎಷ್ಟು ಉಳದಾವ? ಅದನ್ನ ಕೈ ಬಿಡಬ್ಯಾಡ್ರಿ.

ಆದ್ರ ಶರತ್ತು ಕೇಳ್ರಿ. ವಿಂಟೇಜ್ ಮಾಡಿಸಿದ ಗಾಡಿ ದಿನಾ ಓಡಸೋ ಹಂಗಿಲ್ಲ, ಬಾಡಿಗಿಗೂ ಬಿಡೋ ಹಂಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಸೋದು, ರಿಪೇರಿ, ಹಿಂಥಾದಕ್ಕಷ್ಟೇ ರಸ್ತೆಗೆ ಇಳಿಸಬೇಕು. ಅವ್ವನ್ನ ಜಾತ್ರಿಗೆ ಕರ್ಕೊಂಡು ಹೋಗಬೇಕು ಅನ್ನೋದೇ ನಿಮ್ಮ ಆಸಿ ಆದ್ರ ವಿಂಟೇಜ್ ಬ್ಯಾಡ, ಸಾದಾ ನವೀಕರಣ ಮಾಡಸ್ರಿ. ನನ್ನ ಅಭಿಪ್ರಾಯ: ಈಗ ಸಾದಾ ಮಾಡ್ರಿ, ಆದ್ರ ಮೂಲ ರೂಪಕ್ಕ ಕೈ ಹಚ್ಚಬ್ಯಾಡ್ರಿ. ಮುಂದ ಎಂದಾದರೂ ವಿಂಟೇಜ್ ಬೇಕಂದ್ರ ಬಾಗಲಾ ತೆರದಿರಬೇಕು.

ಬೀದರಿನ ಸದಸ್ಯರೊಬ್ಬರು

ಅಣ್ಣಾ, ಇವರ ಕಾಕಾರು ಹೇಳಿದಂಗ ಡೀಸೆಲ್ ಇಂಜಿನ್ ಹಾಕಿದ್ರ ತಪ್ಪೇನು? ನಮ್ಮ ಕಡಿ ಟ್ಯಾಕ್ಸಿದವರು ಎಷ್ಟೋ ಅಂಬಾಸಡರಿಗೆ ಹಾಕಿ ಓಡಿಸ್ಯಾರ. ಪೆಟ್ರೋಲ್ ಇಂಜಿನ್ ಎಣ್ಣಿ ಭಾಳ ಕುಡೀತದ.

ಮಿಸ್ತ್ರಿ

ಟ್ಯಾಕ್ಸಿಗೆ ಅದು ಖರೇನೇ ಲಾಭ ಇತ್ತು, ಹೊಟ್ಟಿ ಪಾಡಿನ ಲೆಕ್ಕ ಅದು, ತಪ್ಪಂತ ನಾ ಅನ್ನಂಗಿಲ್ಲ. ಇವರ ಗಾಡಿ ಕಥಿ ಬ್ಯಾರೆ. ಇಂಜಿನ್ ಬದಲಾದ ದಿನ ಮೂಲ ರೂಪ ಹೋಯ್ತು, ವಿಂಟೇಜ್ ಬಾಗಲಾ ಮುಚ್ಚಿತು. ಆರ್‌ಟಿಓ ಪರವಾನಗಿ ಇಲ್ಲದೆ ಇಂಜಿನ್ ಬದಲಿ ಮಾಡಿದ್ರ ಬುಕ್ಕಿಗೂ ಗಾಡಿಗೂ ತಾಳೆ ಆಗಂಗಿಲ್ಲ, ಎಲ್ಲಾದರೂ ಅಪಘಾತ ಆದ್ರ ಇನ್ಶೂರೆನ್ಸಿನವರು ಕೈ ಎತ್ತತಾರ. ಡೀಸೆಲ್ ಇಂಜಿನಿನ ತೂಕ, ನಡುಕ ಎರಡೂ ಜಾಸ್ತಿ, ಮುಂದಿನ ಭಾಗ ಕುಂದರ್ತದ. ವರ್ಷಕ್ಕ ನಾಕು ಸಲ ಹೊರಗ ತಗಿಯೋ ಗಾಡಿಗೆ ಎಣ್ಣಿ ಉಳಿಸಿ ಯಾವ ರೊಕ್ಕ ಮಾಡೋದದ?

ಮತ್ತ 1489 ಸಿಸಿದು ಆ ಪೆಟ್ರೋಲ್ ಇಂಜಿನ್ ಭಾಳ ಗಟ್ಟಿ ಮಾಲು. ಬಿಚ್ಚಿ, ಸವದ ಸಿಲಿಂಡರ್ ಕೊರಸಿ (ಬೋರ್ ಮಾಡಿಸಿ) ಮತ್ತ ಕೂಡಿಸ್ಲಾಕ ಬರಂಗ ಮಾಡ್ಯಾರ. ಅದನ್ನ ತಗದು ಗುಜರಿಗೆ ಕೊಡೋದು ನೋಡಿದ್ರ ನನಗ ಸಂಕಟ ಆಗ್ತದ.

ಇಂಜಿನಿನ ಮ್ಯಾಲಿನ ಭಾಗ, ಹೆಡ್, ಬಿಚ್ಚೋ ಪ್ರಸಂಗ ಬಂದ್ರ ಒಂದು ಕೆಲಸ ಅವಾಗೇ ಮುಗಸ್ರಿ. ಈ ಇಂಜಿನ್ ಹುಟ್ಟಿದ ಕಾಲಕ್ಕ ಪೆಟ್ರೋಲಿನಾಗ ಸೀಸ ಇರ್ತಿತ್ತು, ಅದು ವಾಲ್ವ್ ಸೀಟು ಸವೀದಂಗ ಕಾಯ್ತಿತ್ತು. 2000ನೇ ಇಸವಿಯಿಂದ ದೇಶದಾಗೆಲ್ಲ ಸೀಸ ಇಲ್ಲದ ಪೆಟ್ರೋಲ್. ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಕೂಡಿಸಿ ಬಿಟ್ಟರ ಚಿಂತಿ ಹೋಯ್ತು. ಇನ್ನ ಈಗ ಬಂಕಿನಾಗ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರತದ್ದು. ಅದು ಹಳೇ ರಬ್ಬರ್ ತಿಂತದ, ಟ್ಯಾಂಕಿನ ತಳದ ಹೊಲಸು ಬಿಡಿಸಿ ಕಾರ್ಬ್ಯುರೇಟರಿಗೆ ತಂದು ಹಾಕ್ತದ, ಗಾಳ್ಯಾಗಿನ ನೀರೂ ಹೀರ್ಕೋತದ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್ ಎಥನಾಲ್ ತಡಿಯೋವೇ ಹಾಕಸ್ರಿ, ನಡುವ ಒಂದು ಫಿಲ್ಟರ್ ಇರ್ಲಿ. ತಿಂಗಳಗಟ್ಟಲೆ ನಿಲ್ಲಿಸೋದಿದ್ರ ಟ್ಯಾಂಕ್ ಖಾಲಿ ಮಾಡಿ ನಿಲ್ಲಸ್ರಿ.

ಯಾದಗಿರಿಯ ಸದಸ್ಯರು

ನಮ್ಮ ಮನ್ಯಾಗ ಫಿಯಟ್ 1100 ಡಿಲೈಟ್ ಅದ ಸರ್. ಇದೇ ಸಾಲು ಅದಕ್ಕೂ ನಡೀತದೇನು?

ಮಿಸ್ತ್ರಿ

ಸಾಲು ಅದೇ. ಅದು ಮುಂಬೈ ಕುರ್ಲಾದ ಪ್ರೀಮಿಯರ್ ಕಂಪನಿ ಗಾಡಿ, ಇಂಜಿನ್ 1089 ಸಿಸಿ. ಮುಂದ ಅದೇ ಗಾಡಿ ಪದ್ಮಿನಿ ಅಂತಾಗಿ ಸುಮಾರು 2000ದ ತನಕ ಬಂತು, ಅದಕ್ಕ ಇಂಜಿನ್ ಮಾಲು ಇನ್ನೂ ಸಿಗ್ತದ. ಬೀಡಿಂಗ್, ಲೈಟು, ಗ್ರಿಲ್ ಮಾತ್ರ ಡಿಲೈಟಿನವೇ ಬೇಕು, ಅವು ಸಿಗೋದು ಕಷ್ಟ. ಮುರದದ್ದೂ ಒಗೀಬ್ಯಾಡ್ರಿ, ಬ್ರೇಜಿಂಗ್ ಮಾಡಿ ಕ್ರೋಮ್ ಹೊಡಸ್ಲಾಕ ಬರ್ತದ.

ಪ್ರಶ್ನೆ ಕೇಳಿದ ಸದಸ್ಯೆ

ಬಣ್ಣದ್ದು ಹೇಳ್ರಿ ಅಣ್ಣಾರ. ಕಾಕಾ ಕೆಂಪು ಬಿಡವಲ್ಲರು. ಮತ್ತ ಊರಿಂದ ಕಲಬುರಗಿಗೆ ಗಾಡಿ ಹೆಂಗ ತರೋದು? ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳಕೊಂಡು ಬರ್ತೀನಿ ಅಂತಾನ ತಮ್ಮ.

ಮಿಸ್ತ್ರಿ

ಹಗ್ಗ ಬ್ಯಾಡವೇ ಬ್ಯಾಡ. ಬ್ರೇಕ್ ಹತ್ತಂಗಿಲ್ಲ, ಹತ್ತಿದ್ರ ಬಿಡಂಗಿಲ್ಲ, ಆ ಸ್ಥಿತ್ಯಾಗ ಆಳಂದ ರಸ್ತೆ ಮ್ಯಾಲ ಹಗ್ಗದ ಗಾಡಿ ಅಂದ್ರ ಜೀವದ ಜೊತಿ ಆಟ. ಗಾಡಿ ಪೂರಾ ಮ್ಯಾಲ ಏರಿಸ್ಕೊಂಡು ಬರೋ ಕ್ರೇನ್ ಲಾರಿ ಸಿಗ್ತಾವ, ಅದರಾಗ ತರಸ್ರಿ. ತರೋ ಮುಂದ ಕೋಣ್ಯಾಗೇ ಎಲ್ಲಾ ಕಡಿ ಫೋಟೋ ತಗೀರಿ. ಸೀಟಿನ ಕೆಳಗ ಬಿದ್ದ ಸ್ಕ್ರೂ, ಗುಂಡಿ, ತುಂಡು ಬೀಡಿಂಗ್ ಎಲ್ಲಾ ಒಂದು ಡಬ್ಬ್ಯಾಗ ಹಾಕ್ರಿ.

ಬಣ್ಣದ ಮಾತಿಗೆ ಮೊದಲ ಒಂದು ಪರೀಕ್ಷಾ ಮಾಡ್ರಿ. ಡಿಕ್ಕಿ ಒಳಗ, ಬಾಗಲದ ಒಳ ಅಂಚಿನಾಗ ಯಾವ ಬಣ್ಣ ಅದ ನೋಡ್ರಿ. ಹೊರಗಿಂದೂ ಅದೇ ಇದ್ದರ ಅದು ಕಂಪನಿ ಬಣ್ಣ ಇರೋ ಸಾಧ್ಯತೆ ಭಾಳ. ಒಂದು ಗೇಣು ಜಾಗ ಹಸಿ ಬಟ್ಟಿಲೆ ತೊಳದು, ಸಣ್ಣ ರಬ್ಬಿಂಗ್ ಕಂಪೌಂಡ್ ಹಚ್ಚಿ ಕೈಲೆ ತಿಕ್ಕ್ರಿ. ಹೊಳಪು ಬಂದ್ರ ಪೂರಾ ಗಾಡಿಗೆ ಹಂಗೇ ಮಾಡ್ರಿ, ಹೊಸ ಬಣ್ಣದ ಗರಜೇ ಇಲ್ಲ. ಹಳೇ ಬಣ್ಣ ಒಮ್ಮೆ ಕೆರದು ತಗದ್ರ ಯಾವ ಮಿಸ್ತ್ರಿಯಿಂದಲೂ ವಾಪಸ್ ತರ್ಲಾಕ ಆಗಂಗಿಲ್ಲ. ಕಾಕಾರಿಗೆ ಗೌರವದಿಂದ ಇದೇ ಮಾತು ಹೇಳ್ರಿ, ನಂಬರು ಕೊಟ್ಟರ ನಾನೂ ಮಾತಾಡ್ತೀನಿ. ಬಾಡಿಗಿ ವಿಚಾರ ತಗದ್ರ ಖಾಸಗಿ ನೋಂದಣಿ ಗಾಡಿ ಬಾಡಿಗಿಗೆ ಬಿಡೋದು ಕಾನೂನಿಗೆ ವಿರುದ್ಧ ಅಂತಲೂ ಹೇಳ್ರಿ.

ಜಂಗು ಎಲ್ಲೆಲ್ಲಿ ಅಂದ್ರ, ಕಾಲಿಡೋ ತಳ, ಬಾಗಲದ ಕೆಳಗಿನ ಪಟ್ಟಿ, ಸ್ಟೆಪ್ನಿ ಇಡೋ ಜಾಗ, ಮಡ್‌ಗಾರ್ಡ್ ಒಳಗ. ನಮ್ಮ ಕಡಿ ಹವಾ ಒಣದು, ಸಮುದ್ರ ದಂಡಿ ಗಾಡಿಯಂಗ ತಿಂದಿರಂಗಿಲ್ಲ. ಆದ್ರ ಮಡ್‌ಗಾರ್ಡಿನಾಗ ಮೆತ್ತಿದ ಎರಿ ಮಣ್ಣು ಮಳೀ ನೀರು ಹಿಡದಿಟ್ಟು ತಗಡು ತಿಂತದ. ಅದನ್ನ ಕೆರದು ತಗೀರಿ. ಒಂದು ಸಣ್ಣ ಅಯಸ್ಕಾಂತಕ್ಕ ತೆಳು ಬಟ್ಟಿ ಸುತ್ತಿ ಬಾಡಿ ಮ್ಯಾಲ ಆಡಸ್ರಿ. ಎಲ್ಲಿ ಹತ್ತಂಗಿಲ್ಲ ಅಲ್ಲಿ ಪುಟ್ಟಿ ತುಂಬ್ಯಾರ ಅಂತ ತಿಳೀರಿ.

ಸದಸ್ಯೆ

ಡಿಕ್ಕಿ ಒಳಗೂ ಅದೇ ಬಿಳಿ ಅಣ್ಣಾರ. ಹ್ಯಾಂಡಲ್ಲೂ ಸಿಕ್ತು. ಬುಕ್ಕಿನಾಗ ಮೊದಲ ನೋಂದಣಿ 1968 ಅಂತ ಅದ. ದೊಡ್ಡತ್ತಿ, ಕಾಕಾ ಎಲ್ಲರೂ ಅವ್ವನ ಹೆಸರಿಗೆ ಮಾಡಸ್ಲಾಕ ಒಪ್ಪ್ಯಾರ.

ಮಿಸ್ತ್ರಿ

ಭಾಳ ಛಲೋ ಆಯ್ತು. 1968 ಅಂದ್ರ 50 ವರ್ಷದ ಶರತ್ತು ಎಂದೋ ದಾಟ್ಯದ. ಬುಕ್ಕಿನ ಫೋಟೋ ಗ್ರೂಪಿನಾಗ ಹಾಕಬ್ಯಾಡ್ರಿ, ಚಾಸಿಸ್ ನಂಬರು ಮಂದಿ ಕೈಗೆ ಸಿಗಬಾರದು. ಸೋಮವಾರ ನಾಡಕಚೇರಿಗೆ ವಂಶವೃಕ್ಷದ ಅರ್ಜಿ ಕೊಡ್ರಿ. ಅದು ಕೈಗೆ ಬರೋ ತನಕ ಪ್ಲಗ್ ತಗದು ಆಯಿಲ್ ಹಾಕೋ ಕೆಲಸ ತಮ್ಮನ ಕೈಲೆ ಮಾಡಸ್ರಿ. ಹ್ಯಾಂಡಲ್ ಹಿಡಿಯೋ ಮುಂದ ಹೆಬ್ಬಟ್ಟು ಹ್ಯಾಂಡಲಿನ ಸುತ್ತ ಸುತ್ತದೆ, ನಾಕು ಬೆರಳಿನ ಕಡಿಗೇ ಇಟ್ಟುಕೊಂಡು, ಕೆಳಗಿಂದ ಮ್ಯಾಲ ಎಳೀಬೇಕು. ಇಂಜಿನ್ ಚಾಲೂ ಆಗಿ ಉಲ್ಟಾ ಒದ್ದರ ಹೆಬ್ಬಟ್ಟು ಮುರೀತದ. ಇದೊಂದನ್ನ ತಮ್ಮಗ ಎರಡು ಸಲ ಹೇಳ್ರಿ.